ಲಂಚ ಮುಟ್ಟದವರ ಸುಳ್ಳು

ಟೈಪ್‌ರೈಟರ್ ಕಾಲದ ಅಮೆರಿಕದ ವರದಿಗಾರರು ಸುದ್ದಿ ಬರೆದು ಮುಗಿಸಿದ ಮೇಲೆ ಹಾಳೆಯ ಕೊನೆಯಲ್ಲಿ ‘-30-’ ಎಂದು ಗುರುತು ಹಾಕುತ್ತಿದ್ದರು. ಇಲ್ಲಿಗೆ ಸುದ್ದಿ ಮುಗಿಯಿತು, ಇನ್ನು ಅಚ್ಚಿಗೆ ಕಳಿಸಬಹುದು ಎಂದು ಅದರ ಅರ್ಥ. ‘ದಿ ವೈರ್’ ಧಾರಾವಾಹಿಯ ಕೊನೆಯ ಕಂತಿಗೆ ಇಟ್ಟಿರುವ ಹೆಸರು ಇದೇ. 2002ರ ಜೂನ್‌ನಲ್ಲಿ ಎಚ್‌ಬಿಒ ವಾಹಿನಿಯಲ್ಲಿ ಶುರುವಾಗಿ, ಐದು ಸೀಸನ್, ಅರವತ್ತು ಕಂತು ನಡೆದು, 2008ರ ಮಾರ್ಚ್ 9ರಂದು ಮುಗಿದ ಕಥೆ ಅದು. ಊರು ಬಾಲ್ಟಿಮೋರ್. ಬರೆದವರಲ್ಲಿ ಮುಖ್ಯರಾದ ಡೇವಿಡ್ ಸೈಮನ್ ‘ಬಾಲ್ಟಿಮೋರ್ ಸನ್’ ಪತ್ರಿಕೆಯಲ್ಲಿ ಅಪರಾಧ ವರದಿಗಾರರಾಗಿದ್ದವರು. ಜೊತೆಗಾರ ಎಡ್ ಬರ್ನ್ಸ್ ಅದೇ ಊರಿನ ಕೊಲೆ ಪ್ರಕರಣಗಳ ಪತ್ತೇದಾರನಾಗಿದ್ದು, ಆಮೇಲೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾದವರು. ಹಾಗಾಗಿ ಇಲ್ಲಿ ಪೊಲೀಸರು ಹೇಗೆ ಮಾತಾಡುತ್ತಾರೆ, ಎಲ್ಲಿ ಕೂತು ಕುಡಿಯುತ್ತಾರೆ, ಯಾವ ಕಾಗದಕ್ಕೆ ಯಾರ ಸಹಿ ಬೇಕು ಎನ್ನುವುದೆಲ್ಲ ಒಳಗಿನವರು ಕಂಡದ್ದು.

ನಾನು ಪಿಎಚ್.ಡಿ. ಮಾಡುತ್ತಿರುವುದು ಕನ್ನಡದ ಪತ್ತೇದಾರಿ ಕಾದಂಬರಿಗಳ ಮೇಲೆ. ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಹಳೆಯ ಗ್ರಂಥಾಲಯಗಳ ಮೂಲೆಗಳಲ್ಲಿ ಹುಡುಕುತ್ತ ವರ್ಷಗಳನ್ನು ಕಳೆದಿದ್ದೇನೆ. ನಾನು ಓದಿದವುಗಳಲ್ಲಿ ಪತ್ತೇದಾರನ ಬುದ್ಧಿಗೆ ಪರೀಕ್ಷೆ ಇರುತ್ತದೆ, ಧೈರ್ಯಕ್ಕೆ ಇರುತ್ತದೆ, ಕೆಲವೊಮ್ಮೆ ತಾಳ್ಮೆಗೂ ಇರುತ್ತದೆ. ಪ್ರಾಮಾಣಿಕತೆಗೆ ಇರುವುದಿಲ್ಲ. ಪತ್ತೇದಾರ ಸಾಕ್ಷ್ಯವನ್ನು ಹುಡುಕುತ್ತಾನೆ, ತಯಾರಿಸುವುದಿಲ್ಲ ಎನ್ನುವುದು ಓದುಗನಿಗೂ ಲೇಖಕನಿಗೂ ನಡುವೆ ಇರುವ, ಯಾರೂ ಬಾಯಿಬಿಟ್ಟು ಹೇಳದ ಒಪ್ಪಂದ. ಹೋಲಿಕೆಗೆ ಇರಲಿ ಎಂದು ಬೇರೆ ದೇಶದ ಅಪರಾಧ ಕಥನಗಳನ್ನು ನೋಡುತ್ತಿದ್ದ ನಾನು ‘ದಿ ವೈರ್’ಗೆ ಬಂದೆ. ಆ ಒಪ್ಪಂದವನ್ನು ಮುರಿದರೆ ಏನೇನಾಗುತ್ತದೆ ಎಂದು ಅದರ ಐದನೇ ಸೀಸನ್ ಒಂದೊಂದೇ ಹೆಜ್ಜೆಯಾಗಿ ತೋರಿಸುತ್ತದೆ. ಲೆಕ್ಕ ಚುಕ್ತಾ ಆಗುವುದು ಕೊನೆಯ ಕಂತಿನಲ್ಲಿ. ನೋಡದವರಿಗಾಗಿ ಕಥೆಯನ್ನು ಹೇಳಿಬಿಡುತ್ತೇನೆ. ಕೊನೆ ಗೊತ್ತಾದರೆ ಹಾಳಾಗುವ ಜಾತಿಯ ಕಥೆಯಲ್ಲ ಇದು.

ಮಾರ್ಲೋ ಸ್ಟ್ಯಾನ್‌ಫೀಲ್ಡ್ ಎಂಬ ಮಾದಕ ವಸ್ತು ವ್ಯಾಪಾರಿಯ ಬಂಟರು ಇಪ್ಪತ್ತೆರಡು ಜನರನ್ನು ಕೊಂದು, ಪಾಳುಬಿದ್ದ ಸಾಲುಮನೆಗಳ ಒಳಗೆ ಹೆಣಗಳನ್ನಿಟ್ಟು, ಬಾಗಿಲಿಗೆ ಹಲಗೆ ಹೊಡೆದು ಹೋಗಿದ್ದಾರೆ. ಕೊಂದವರು ಯಾರೆಂದು ಪೊಲೀಸರಿಗೆ ಗೊತ್ತು. ಆದರೆ ಕೋರ್ಟಿಗೆ ಬೇಕಾದ ಸಾಕ್ಷ್ಯ ಇಲ್ಲ. ಅದನ್ನು ಹೊಂದಿಸಲು ದುಡ್ಡು ಬೇಕು, ದುಡ್ಡೂ ಇಲ್ಲ. ಶಾಲೆಗಳ ಬಜೆಟ್ಟಿನ ತೂತು ಮುಚ್ಚಲು ಮೇಯರ್ ಕಾರ್ಕೆಟಿ ಪೊಲೀಸ್ ಇಲಾಖೆಯ ಖರ್ಚಿಗೆ ಕತ್ತರಿ ಹಾಕಿದ್ದಾನೆ. ಓವರ್‌ಟೈಮ್ ಬಂದಿಲ್ಲ, ಕಾರುಗಳು ಕೆಟ್ಟು ನಿಂತಿವೆ. ಮಾರ್ಲೋನ ಹಿಂದೆ ಬಿದ್ದಿದ್ದ ವಿಶೇಷ ತಂಡವನ್ನೇ ಮುಚ್ಚಲಾಗಿದೆ. ಸತ್ತವರೆಲ್ಲ ಬಡ ಕರಿಯರು. ಅವರಿಗಾಗಿ ಮೇಯರನ ಮನೆ ಮುಂದೆ ಕೂಗುವವರು ಯಾರೂ ಇಲ್ಲ.

ಆಗ ಜಿಮ್ಮಿ ಮೆಕ್‌ನಲ್ಟಿ ಎಂಬ ಪತ್ತೇದಾರ ಒಂದು ಸುಳ್ಳು ಹೆಣೆಯುತ್ತಾನೆ. ಬೀದಿಯಲ್ಲಿ ತಾವಾಗಿಯೇ ಸತ್ತ ನಿರ್ಗತಿಕರ ಹೆಣಗಳ ಕತ್ತಿನ ಮೇಲೆ ಹಿಸುಕಿದ ಗುರುತು ಮಾಡಿ, ಕೈಗೆ ಕೆಂಪು ರಿಬ್ಬನ್ ಕಟ್ಟಿ, ಊರಲ್ಲೊಬ್ಬ ಸರಣಿ ಕೊಲೆಗಾರ ತಿರುಗುತ್ತಿದ್ದಾನೆ ಎಂದು ನಂಬಿಸುತ್ತಾನೆ. ಇದಕ್ಕೆ ಬುದ್ಧಿ ಹೇಳಬೇಕಾಗಿದ್ದ ಹಿರಿಯ ಪತ್ತೇದಾರ ಲೆಸ್ಟರ್ ಫ್ರೀಮನ್, ಸುಳ್ಳು ಇನ್ನೂ ರೋಚಕವಾಗಿರಬೇಕು, ಆಗಲೇ ಪತ್ರಿಕೆಗಳು ಕಚ್ಚಿಕೊಳ್ಳುತ್ತವೆ ಎಂದು ತಿದ್ದುತ್ತಾನೆ. ‘ಬಾಲ್ಟಿಮೋರ್ ಸನ್’ನಲ್ಲಿ ಸ್ಕಾಟ್ ಟೆಂಪಲ್‌ಟನ್ ಎಂಬ ಮಹತ್ವಾಕಾಂಕ್ಷಿ ವರದಿಗಾರನಿದ್ದಾನೆ. ಕೊಲೆಗಾರ ತನಗೇ ಫೋನ್ ಮಾಡಿದ ಎಂದು ಅವನೊಂದು ಸುಳ್ಳು ಬರೆಯುತ್ತಾನೆ. ಪೊಲೀಸನ ಸುಳ್ಳಿಗೆ ಪತ್ರಕರ್ತನ ಸುಳ್ಳು ಸಾಕ್ಷಿಯಾಗುತ್ತದೆ. ಇಬ್ಬರಿಗೂ ಎದುರಿನವನು ಸುಳ್ಳು ಹೇಳುತ್ತಿದ್ದಾನೆಂದು ಗೊತ್ತಾದರೂ ಇಬ್ಬರೂ ಬಾಯಿ ಬಿಡುವಂತಿಲ್ಲ. ಇಡೀ ಸೀಸನ್ನಿನಲ್ಲಿ ನಾನು ಅತಿ ಹೆಚ್ಚು ನಕ್ಕದ್ದು ಇಲ್ಲಿ, ಹೆದರಿದ್ದೂ ಇಲ್ಲೇ.

ಮೇಯರ್ ಹಣದ ಚೀಲ ಬಿಚ್ಚುತ್ತಾನೆ. ಸರಣಿ ಕೊಲೆಗಾರನದೆಂದು ಹೇಳಲಾದ ಫೋನಿಗೆ ಕದ್ದಾಲಿಕೆಯ ಅನುಮತಿ ಸಿಗುತ್ತದೆ. ಫ್ರೀಮನ್ ಆ ಅನುಮತಿಯನ್ನು ಗುಟ್ಟಾಗಿ ಮಾರ್ಲೋನ ಫೋನಿಗೆ ತಿರುಗಿಸುತ್ತಾನೆ. ಮಾರ್ಲೋನ ಕಡೆಯವರು ಮಾತೇ ಆಡುವುದಿಲ್ಲ, ಗಡಿಯಾರದ ಮುಖದ ಫೋಟೋಗಳನ್ನು ಒಬ್ಬರಿಗೊಬ್ಬರು ಕಳಿಸುತ್ತಾರೆ. ಮುಳ್ಳುಗಳು ನಿಂತಿರುವ ಜಾಗವೇ ನಕ್ಷೆಯ ಪುಸ್ತಕದಲ್ಲಿ ಎಲ್ಲಿ ಭೇಟಿಯಾಗಬೇಕೆಂಬ ಸಂಕೇತ. ಸಿಡ್ನರ್ ಎಂಬ ತರುಣ ಪೊಲೀಸ್ ಅದನ್ನು ಬಿಡಿಸುತ್ತಾನೆ. ಮಾಲು ಸಮೇತ ಎಲ್ಲರೂ ಸಿಕ್ಕಿಬೀಳುತ್ತಾರೆ. ಕಥೆ ಇಲ್ಲಿಗೇ ನಿಂತಿದ್ದರೆ ನಾವೆಲ್ಲ ಚಪ್ಪಾಳೆ ತಟ್ಟಿ ಏಳಬಹುದಿತ್ತು. ಇಲ್ಲಿ ನಿಲ್ಲದಿರಲೆಂದೇ ‘-30-’ ಇದೆ.

ಮೆಕ್‌ನಲ್ಟಿಯಾಗಲಿ ಫ್ರೀಮನ್ ಆಗಲಿ ಒಂದು ಡಾಲರ್ ಕೂಡ ಜೇಬಿಗೆ ಹಾಕಿಕೊಂಡವರಲ್ಲ. ಸುಳ್ಳು ಕೇಸಿಗೆ ಬಂದ ದುಡ್ಡಿನಿಂದ ಸಹೋದ್ಯೋಗಿಗಳ ಬೇರೆ ಬೇರೆ ಕೇಸುಗಳಿಗೆ ಓವರ್‌ಟೈಮ್ ಹಂಚುತ್ತಾನೆ ಮೆಕ್‌ನಲ್ಟಿ. ಆ ಕೋಣೆಯಲ್ಲಿ ನಿಂತು ನೋಡಿದರೆ ಅವನೊಬ್ಬ ದಾನಿ. ಲಂಚ ತಿನ್ನುವ ಪೊಲೀಸನ ಕಥೆಯಾಗಿದ್ದರೆ ನಮಗೆ ಯಾವ ಕಷ್ಟವೂ ಇರಲಿಲ್ಲ. ಅವನನ್ನು ಬಯ್ದು ಮುಂದೆ ಹೋಗಬಹುದಿತ್ತು. ಇವರನ್ನು ಬಯ್ಯಲು ಹೋದಾಗಲೆಲ್ಲ ಪಾಳುಮನೆಗಳಲ್ಲಿದ್ದ ಆ ಇಪ್ಪತ್ತೆರಡು ಹೆಣಗಳು ಅಡ್ಡ ಬರುತ್ತವೆ.

ಈ ಜಾಗದಲ್ಲಿ ನನಗೆ ನಮ್ಮ ಮನೆ ನೆನಪಾಗದೆ ಇರುವುದಿಲ್ಲ. ನಮ್ಮಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು. ಬಹಳ ವರ್ಷ ಸ್ಟೇಷನ್ ರೈಟರ್ ಆಗಿದ್ದು, ಎಎಸ್‌ಐ ಆಗಿ ನಿವೃತ್ತರಾದರು. ಅಪ್ಪ ಲಂಚ ಮುಟ್ಟಲಿಲ್ಲ ಎನ್ನುವುದು ನಮ್ಮ ಮನೆಯ ಆಸ್ತಿ. ಸೈಟು ಕೊಳ್ಳಲಾಗದಾಗ, ನನ್ನ ಹಾಸ್ಟೆಲ್ ಫೀಸಿಗೆ ಸಾಲ ಮಾಡುವಾಗ, ಅಕ್ಕನ ಮದುವೆಯಲ್ಲಿ ನೆಂಟರು ಮೂಗು ಮುರಿದಾಗ ಅಮ್ಮ ಅದೊಂದೇ ಮಾತು ಹೇಳಿ ನಮ್ಮನ್ನು ತಲೆಯೆತ್ತಿ ನಿಲ್ಲಿಸುತ್ತಿದ್ದಳು. ಒಂದು ದಸರೆ ರಜೆಯಲ್ಲಿ ನಾನು ಊರಿಗೆ ಹೋಗಿದ್ದಾಗ ರಾತ್ರಿ ಲ್ಯಾಪ್‌ಟಾಪಿನಲ್ಲಿ ಈ ಸೀಸನ್ ನೋಡುತ್ತಿದ್ದೆ. ಅಪ್ಪ ಹಿಂದೆ ಬಂದು ನಿಂತರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಹೆಣದ ಮುಂದೆ ಕೂತ ಪೊಲೀಸ್ ಏನು ಮಾಡುತ್ತಿದ್ದಾನೆಂದು ತಿಳಿಯಲು ಅವರಿಗೆ ಭಾಷೆ ಬೇಕಿರಲಿಲ್ಲ.

“ಏನವ್ವ ಇದು? ಸತ್ತೋನ ಕೈಗೆ ಅದ್ಯಾಕೆ ಟೇಪು ಕಟ್ತಾವ್ನೆ?”

ಹೇಳಿದೆ. ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಆಮೇಲಿನ ಮೂರು ರಾತ್ರಿ ನಾನು ನಿಲ್ಲಿಸಿ ನಿಲ್ಲಿಸಿ ಕಥೆ ಹೇಳುತ್ತ, ಅವರು ಮಧ್ಯೆ ಮಧ್ಯೆ “ಹ್ಞೂಂ” ಅನ್ನುತ್ತ ಕೊನೆಯ ಕಂತಿನವರೆಗೂ ನೋಡಿದೆವು. ಮಾರ್ಲೋ ಬಿಡುಗಡೆಯಾದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಬಿಡ್ಲೇಬೇಕಲ್ಲ. ಫೋನ್ ಕೇಳಿದ್ದೇ ಸುಳ್ಳು ಕಾಗದದ ಮೇಲೆ. ಬುಡ ಕೊಳೆತ ಮೇಲೆ ಮರ ಎಲ್ಲಿ ನಿಲ್ತದೆ?”

ಅಮೆರಿಕದಲ್ಲಿ ಫೋನ್ ಕದ್ದಾಲಿಸಬೇಕೆಂದರೆ ನ್ಯಾಯಾಧೀಶರ ಅಪ್ಪಣೆ ಬೇಕು. ಮಾಮೂಲಿ ತನಿಖೆಯ ದಾರಿಗಳನ್ನು ಹಿಡಿದು ನೋಡಿದ್ದಾಯಿತು, ಅವುಗಳಿಂದ ಕೆಲಸ ಆಗುತ್ತಿಲ್ಲ ಎಂದು ಪ್ರಮಾಣಪತ್ರದಲ್ಲಿ ತೋರಿಸಬೇಕು. ಆ ಪ್ರಮಾಣಪತ್ರದ ಒಂದು ಸಾಲು ಸುಳ್ಳೆಂದು ಪ್ರತಿವಾದಿ ವಕೀಲನಿಗೆ ಗೊತ್ತಾದರೆ ಅದರಿಂದ ಸಿಕ್ಕಿದ್ದೆಲ್ಲ ಕೈತಪ್ಪಬಹುದು. ಧಾರಾವಾಹಿಯಲ್ಲಿ ಆಗುವುದು ಅದೇ. ಮಾರ್ಲೋನ ವಕೀಲ ಲೆವಿ ವಾಸನೆ ಹಿಡಿಯುತ್ತಾನೆ. ಸರ್ಕಾರಿ ವಕೀಲೆ ರೋಂಡಾ ಪರ್ಲ್‌ಮನ್ ಕೈಯಲ್ಲಿ ಲೆವಿಯ ಒಂದು ಕಳ್ಳತನದ ಗುಟ್ಟಿರುವುದರಿಂದ ಒಂದು ರಾಜಿಯಾಗುತ್ತದೆ. ಬಂಟರು ಜೈಲಿಗೆ, ಮಾರ್ಲೋ ಮನೆಗೆ.

ಅಪ್ಪ ಅವತ್ತು ಒಂದು ಹಳೆಯ ಕೇಸಿನ ವಿಷಯ ಹೇಳಿದರು. ಒಡವೆ ಕಳವು. ಕಳ್ಳ ಸಿಕ್ಕಿದ, ಒಡವೆಯೂ ಅವನ ಹತ್ತಿರವೇ ಸಿಕ್ಕಿತು, ನಡುರಾತ್ರಿಯಲ್ಲಿ. ನಮ್ಮ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಆದರೆ ಆ ಹೇಳಿಕೆಯಿಂದ ಒಂದು ವಸ್ತು ಪತ್ತೆಯಾದರೆ, ಅಷ್ಟರಮಟ್ಟಿಗೆ ಹೇಳಿಕೆಯನ್ನು ಒಪ್ಪಬಹುದು ಎಂದು 1872ರ ಸಾಕ್ಷ್ಯ ಕಾಯಿದೆಯ 27ನೇ ಕಲಂ ಹೇಳುತ್ತಿತ್ತು. ಅದಕ್ಕೇ ಠಾಣೆಗಳಲ್ಲಿ ‘ರಿಕವರಿ’ ಎಂಬ ಶಬ್ದಕ್ಕೆ ಅಷ್ಟು ತೂಕ. ಶೋಧ ನಡೆಯುವಾಗ ಆ ಪ್ರದೇಶದ ಇಬ್ಬರಾದರೂ ಮರ್ಯಾದಸ್ಥರು ಪಂಚರಾಗಿ ಜೊತೆಗಿರಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 100ನೇ ಕಲಂ ಹೇಳುತ್ತಿತ್ತು. ನಡುರಾತ್ರಿ ಪಂಚರನ್ನು ಎಲ್ಲಿಂದ ತರುವುದು? ಮರುದಿನ ಬೆಳಿಗ್ಗೆ ಠಾಣೆಯಲ್ಲೇ ಕೂತು, ಒಂದು ತೋಟದ ಬದಿಯ ಕಲ್ಲಿನ ಕೆಳಗೆ ಒಡವೆ ಸಿಕ್ಕಿತೆಂದು ಮಹಜರು ಬರೆದದ್ದಾಯಿತು. ಬರೆದ ಕೈ ಅಪ್ಪನದು. ಪಂಚನಾಗಿ ಸಹಿ ಹಾಕಿದವನು ಠಾಣೆಯ ಕಾಂಪೌಂಡಿಗೆ ಒರಗಿಕೊಂಡು ಬೀಡಾ ಅಂಗಡಿ ಇಟ್ಟುಕೊಂಡಿದ್ದವನು.

“ಕಳ್ಳ ಅವನೇ ಕಣವ್ವ. ಒಡವೆ ಸಿಕ್ಕಿದ್ದೂ ಅವನ ತಾವಲೇ. ಸಿಕ್ಕಿದ ಜಾಗ ಒಂದೇ ಬೇರೆ ಬರೆದದ್ದು” ಅಂದರು ಅಪ್ಪ.

ಕೋರ್ಟಿನಲ್ಲಿ ವಕೀಲರು ಬೀಡಾ ಅಂಗಡಿಯವನನ್ನು ಕೇಳಿದರಂತೆ, ಆ ತೋಟಕ್ಕೆ ಹೋಗುವಾಗ ಬಾವಿ ಎಡಕ್ಕೋ ಬಲಕ್ಕೋ ಎಂದು. ಇದುವರೆಗೆ ಎಷ್ಟು ಮಹಜರಿಗೆ ಸಹಿ ಹಾಕಿದ್ದೀಯ ಎಂದು. ಅವನು ಪೆಚ್ಚುಪೆಚ್ಚಾಗಿ ಅಪ್ಪನ ಮುಖ ನೋಡಿದನಂತೆ. ಕಳ್ಳ ಬಿಡುಗಡೆಯಾದ. ಅಂಗಡಿಯವನು ಸ್ವಲ್ಪ ದಿನಕ್ಕೆ ಅಂಗಡಿಯನ್ನು ಬಸ್‌ಸ್ಟ್ಯಾಂಡಿನ ಹತ್ತಿರಕ್ಕೆ ಎತ್ತಿಕೊಂಡು ಹೋದ. ಅಪ್ಪ ಆಮೇಲೆ ಅವನ ಅಂಗಡಿಯಲ್ಲಿ ಎಲೆ ಅಡಿಕೆ ತೆಗೆದುಕೊಂಡದ್ದಿಲ್ಲವಂತೆ.

“ಯಾಕೆ ಬರೆದಿರಿ ಅಪ್ಪಾಜಿ?” ಅಂತ ಕೇಳಿದೆ.

“ಸಾಹೇಬ್ರು ಹೇಳ್ತಾ ಹೋದ್ರು, ನಾನು ಬರೀತಾ ಹೋದೆ. ಅಕ್ಷರ ದುಂಡಗಿದೆ ಅಂತ ತಾನೆ ನನ್ನ ರೈಟರ್ ಮಾಡಿದ್ದು.”

ಅವರ ದನಿಯಲ್ಲಿ ಪಶ್ಚಾತ್ತಾಪವೂ ಇರಲಿಲ್ಲ, ಸಮರ್ಥನೆಯೂ ಇರಲಿಲ್ಲ. ಮಳೆ ಬಂದಿತ್ತು, ರಸ್ತೆ ಒದ್ದೆಯಾಯಿತು ಅನ್ನುವ ಹಾಗೆ ಹೇಳಿದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅಪ್ಪ ಲಂಚ ಮುಟ್ಟದವರು ಎಂಬುದು ಆಗಲೂ ನಿಜ, ಈಗಲೂ ನಿಜ. ಅದೊಂದೇ ಪ್ರಾಮಾಣಿಕತೆಯ ಪೂರ್ತಿ ಅಳತೆಯೆಂದು ನಾನು ನಂಬಿಕೊಂಡು ಬೆಳೆದಿದ್ದೆ. ದುಡ್ಡಿಗಾಗಿ ಹೇಳಿದ ಸುಳ್ಳಿಗೆ ನಮ್ಮಲ್ಲಿ ಹೆಸರಿದೆ, ಶಿಕ್ಷೆಯಿದೆ, ಕಡೇ ಪಕ್ಷ ನಾಚಿಕೆಯಾದರೂ ಇದೆ. ಕೇಸು ನಿಲ್ಲಲಿ ಎಂದು, ಕಳ್ಳನಿಗೆ ಶಿಕ್ಷೆಯಾಗಲಿ ಎಂದು ಹೇಳಿದ ಸುಳ್ಳನ್ನು ನಾವು ‘ಕೆಲಸ’ ಎಂದು ಕರೆಯುತ್ತೇವೆ.

2024ರ ಜುಲೈ 1ರಿಂದ ನಮ್ಮಲ್ಲಿ ಹೊಸ ಕಾಯಿದೆಗಳು ಬಂದಿವೆ. ಶೋಧ ಮತ್ತು ಜಪ್ತಿಯನ್ನು ಆಡಿಯೊ–ವಿಡಿಯೊ ದಾಖಲೆ ಮಾಡಬೇಕೆಂಬ ಕಲಂ ಅದರಲ್ಲಿದೆ. ಅಪ್ಪನಿಗೆ ಹೇಳಿದೆ. “ಒಳ್ಳೇದಾಯ್ತು ಬಿಡು” ಅಂದರು. ಒಂದು ಗಳಿಗೆ ಬಿಟ್ಟು, “ಕ್ಯಾಮೆರಾ ಯಾವಾಗ ಆನ್ ಮಾಡ್ತಾರೆ ಅಂತ ನೋಡ್ಬೇಕು” ಎಂದೂ ಸೇರಿಸಿದರು.

ಈಗ ‘-30-’ಕ್ಕೆ ಮರಳುತ್ತೇನೆ. ಈ ಕಂತಿನಲ್ಲಿ ಪರೀಕ್ಷೆ ಒಬ್ಬನಿಗಲ್ಲ, ಹಲವರಿಗೆ. ಒಬ್ಬೊಬ್ಬರೂ ಒಂದೊಂದು ಕಡೆ ಪಾಸಾಗಿ ಇನ್ನೊಂದು ಕಡೆ ಜಾರುತ್ತಾರೆ.

ಮೊದಲು ಮೆಕ್‌ನಲ್ಟಿ. ಅವನ ಸುಳ್ಳು ಕೊಲೆಗಾರನನ್ನು ಪತ್ರಿಕೆಯಲ್ಲಿ ಓದಿದ, ಮಾನಸಿಕ ಅಸ್ವಸ್ಥನಾದ ನಿರ್ಗತಿಕನೊಬ್ಬ ನಿಜಕ್ಕೂ ಇಬ್ಬರನ್ನು ಕೊಂದು ರಿಬ್ಬನ್ ಕಟ್ಟುತ್ತಾನೆ. ಇಲ್ಲದ ಕೊಲೆಗಾರ ಹುಟ್ಟಿಯೇ ಬಿಟ್ಟ. ಅವನನ್ನು ಹಿಡಿಯುವವನೂ ಮೆಕ್‌ನಲ್ಟಿಯೇ. ಮೇಲಿನವರಿಗೆ ಇದು ದೇವರು ಕೊಟ್ಟ ವರ. ಎಲ್ಲ ಕೊಲೆಗಳನ್ನೂ ಈ ಹುಚ್ಚನ ತಲೆಗೆ ಕಟ್ಟಿದರೆ ಕಥೆ ಮುಚ್ಚಿಹೋಗುತ್ತದೆ. ಮೆಕ್‌ನಲ್ಟಿ ಒಪ್ಪುವುದಿಲ್ಲ. ಅವನು ಮಾಡಿದ್ದು ಎರಡು, ನಾನು ಬರೆಯುವುದೂ ಎರಡೇ ಎಂದು ನಿಲ್ಲುತ್ತಾನೆ. ಇಷ್ಟೆಲ್ಲ ಸುಳ್ಳು ಹೇಳಿದವನು ಇಲ್ಲಿ ಯಾಕೆ ನಿಂತ? ಹೆಣಗಳಿಗೆ ರಿಬ್ಬನ್ ಕಟ್ಟುವಾಗ ತನ್ನ ಸುಳ್ಳಿನಿಂದ ಯಾರಿಗೂ ನೋವಿಲ್ಲ, ಸತ್ತವರಿಗೆ ಏನಾಗಬೇಕು ಎಂದು ಅವನು ಅಂದುಕೊಂಡಿದ್ದ. ಈಗ ಸುಳ್ಳನ್ನು ಹೊರಬೇಕಾದ ಜೀವವೊಂದು ಎದುರಿಗೇ ಕೂತಿದೆ. ಆದರೂ ಅವನ ನಿಲುವಿನಿಂದ ಹೆಚ್ಚೇನೂ ಆಗುವುದಿಲ್ಲ. ಕೊಲೆಗಾರ ಸಿಕ್ಕ, ಊರು ನೆಮ್ಮದಿಯಾಗಿರಬಹುದು ಎಂಬ ಧಾಟಿಯಲ್ಲಿ ಮೇಯರ್ ಪ್ರಕರಣ ಮುಗಿಸುತ್ತಾನೆ.

ಎರಡನೆಯವನು ಸೆಡ್ರಿಕ್ ಡೇನಿಯಲ್ಸ್. ಪೊಲೀಸ್ ಕಮಿಷನರ್ ಆಗುವ ಹೊತ್ತಿನಲ್ಲಿ ಈ ಮೋಸ ಗೊತ್ತಾಗುತ್ತದೆ. ಸಿಟ್ಟಿನಿಂದ ಕುದಿಯುತ್ತಾನೆ. ಆದರೆ ಹೊರಗೆ ಹೇಳಿದರೆ ಆ ಕೇಸಿನ ಕಾಗದಗಳಿಗೆ ಸಹಿ ಹಾಕಿದ ಅವನ ಸಂಗಾತಿ ಪರ್ಲ್‌ಮನ್ ವೃತ್ತಿಜೀವನವೂ ಮುಳುಗುತ್ತದೆ. ಮೇಯರ್ ರಾಜ್ಯಪಾಲನ ಚುನಾವಣೆಗೆ ನಿಂತಿದ್ದಾನೆ, ಅವನಿಗೂ ಇದು ಹೊರಬರುವುದು ಬೇಡ. ಡೇನಿಯಲ್ಸ್ ಸುಮ್ಮನಾಗುತ್ತಾನೆ. ಆಮೇಲೆ ಅಪರಾಧಗಳ ಅಂಕಿಸಂಖ್ಯೆಯನ್ನು ಚುನಾವಣೆಗೆ ಬೇಕಾದಂತೆ ಇಳಿಸಿ ತೋರಿಸು ಎಂದು ಮೇಯರನ ಕಡೆಯವರು ಒತ್ತಿದಾಗ, ಅದಕ್ಕೆ ಮಾತ್ರ ಬಗ್ಗುವುದಿಲ್ಲ. ಅವನ ಹಳೆಯ ಕಡತವೊಂದನ್ನು ತೋರಿಸಿ ಹೆದರಿಸುತ್ತಾರೆ. ತನ್ನಿಂದ ಬೇರೆಯವರು ನೋಯಬಾರದೆಂದು ರಾಜೀನಾಮೆ ಕೊಟ್ಟು ಹೋಗುತ್ತಾನೆ. ನೋಡುವವರು ಅವನನ್ನು ಧೀರೋದಾತ್ತ ನಾಯಕ ಎನ್ನುವುದುಂಟು. ನಾನೂ ಮೊದಲ ಸಲ ಹಾಗೇ ನೋಡಿದ್ದು. ಆದರೆ ಒಂದು ದೊಡ್ಡ ಸುಳ್ಳನ್ನು ನುಂಗಿ, ಇನ್ನೊಂದನ್ನು ಉಗುಳಿದ ಮನುಷ್ಯ ಅವನು. ಸೈಮನ್ ಅವನನ್ನು ಪ್ರೀತಿಯಿಂದಲೇ ಬರೆದಿದ್ದಾರೆ, ಆದರೂ ಆ ಮೊದಲ ಮೌನವನ್ನು ಅಳಿಸಿಲ್ಲ.

ಮೂರನೆಯವನು ಬಂಕ್ ಮೋರ್‌ಲ್ಯಾಂಡ್. ಮೆಕ್‌ನಲ್ಟಿಯ ಜೊತೆಗಾರ, ಕುಡಿತದ ಗೆಳೆಯ. ಸುಳ್ಳಿನ ಆಟಕ್ಕೆ ಸೇರುವುದಿಲ್ಲ, ಆದರೆ ಗೆಳೆಯನನ್ನು ಹಿಡಿದೂ ಕೊಡುವುದಿಲ್ಲ. ಬೇಸತ್ತು, ತಣ್ಣಗಾದ ಹಳೆಯ ಕಡತಗಳನ್ನು ಮತ್ತೆ ತೆರೆಯುತ್ತಾನೆ. ಹಳೆಯ ಸಾಕ್ಷಿಗಳ ಮನೆಗೆ ನಡೆದುಕೊಂಡು ಹೋಗುತ್ತಾನೆ, ಬೈಸಿಕೊಳ್ಳುತ್ತಾನೆ, ಪ್ರಯೋಗಾಲಯದ ವರದಿಗಾಗಿ ತಿಂಗಳುಗಟ್ಟಲೆ ಕಾಯುತ್ತಾನೆ. ಕೊನೆಗೆ ಮಾರ್ಲೋನ ಮುಖ್ಯ ಬಂಟ ಕ್ರಿಸ್ ಪಾರ್ಟ್‌ಲೋನ ಡಿಎನ್‌ಎ ಒಂದು ಕೊಲೆಗೆ ತಾಳೆಯಾಗುತ್ತದೆ. ಕ್ರಿಸ್ ಜೀವಾವಧಿ ಶಿಕ್ಷೆಗೆ ಹೋಗುತ್ತಾನೆ. ಇಡೀ ಗದ್ದಲದಲ್ಲಿ ಯಾವ ವಕೀಲನೂ ಅಲ್ಲಾಡಿಸಲಾಗದ ಕೇಸು ಅದೊಂದೇ. ಧಾರಾವಾಹಿ ಇದನ್ನು ದೊಡ್ಡ ಗೆಲುವಾಗಿ ತೋರಿಸುವುದಿಲ್ಲ, ಸಂಗೀತವಿಲ್ಲ, ಭಾಷಣವಿಲ್ಲ. ಮೊದಲ ನೋಟದಲ್ಲಿ ನನಗೆ ಇದು ತಪ್ಪಿಹೋಗಿತ್ತು. ಅಪ್ಪನೇ, “ಆ ದಪ್ಪ ಮನುಷ್ಯನ ಕೇಸು ನಿಂತ್ಕೊಂಡ್ತಲ್ಲ” ಎಂದು ಗುರುತಿಸಿದ್ದು.

ಇನ್ನು ಕೀಮಾ ಗ್ರೆಗ್ಸ್. ಸುಳ್ಳು ಕೊಲೆಗಾರನ ಪ್ರಕರಣದಲ್ಲಿ, ಅದು ಸುಳ್ಳೆಂದು ತಿಳಿಯದೆ ದುಡಿದವಳು. ಸತ್ತ ನಿರ್ಗತಿಕರ ಮನೆಯವರನ್ನು ಹುಡುಕಿ, ನಿಮ್ಮ ಮಗ ಕೊಲೆಯಾದ, ಅವನಿಗೆ ಯಾರಾದರೂ ಶತ್ರುಗಳಿದ್ದರೇ ಎಂದು ಕೇಳಿದವಳು. ಎಲ್ಲೋ ಕಳೆದುಹೋಗಿದ್ದ ಮಗ ಬೀದಿಯಲ್ಲಿ ಸತ್ತ ಎನ್ನುವುದೇ ಒಂದು ದುಃಖ. ಅವನನ್ನು ಯಾರೋ ಹಿಂಸೆ ಮಾಡಿ ಕೊಂದರು ಎನ್ನುವುದು ಅದರ ಮೇಲೆ ಹೇರಿದ ಇನ್ನೊಂದು ದುಃಖ, ಅದೂ ಸುಳ್ಳು ದುಃಖ. ಆ ಕಣ್ಣೀರನ್ನು ಎದುರಿಗೆ ಕೂತು ನೋಡಿದವಳು ಕೀಮಾ ಒಬ್ಬಳೇ. ತಪ್ಪಿತಸ್ಥ ಭಾವದಿಂದ ಮೆಕ್‌ನಲ್ಟಿ ನಿಜ ಹೇಳಿದಾಗ ಅವಳಿಗೆ ಸಿಡಿಲು ಬಡಿದಂತಾಗುತ್ತದೆ. ಅವಳು ಹೋಗಿ ಡೇನಿಯಲ್ಸ್‌ಗೆ ಹೇಳುತ್ತಾಳೆ.

ಪ್ರಾಮಾಣಿಕತೆ ಎಂದರೆ ಏನೋ ದೊಡ್ಡ ತತ್ವಕ್ಕೆ ಬದ್ಧರಾಗಿರುವುದು ಎಂದು ನಾವು ಸಾಮಾನ್ಯವಾಗಿ ಮಾತಾಡುತ್ತೇವೆ. ಕೀಮಾ ಬಾಯಲ್ಲಿ ತತ್ವದ ಮಾತಿಲ್ಲ. ಕೆಲವು ಕುಟುಂಬಗಳ ಜಗುಲಿಯಲ್ಲಿ ಕೂತು ಬಂದವಳು ಅವಳು, ಅಷ್ಟೆ. ಮೆಕ್‌ನಲ್ಟಿಯ ಲೆಕ್ಕದಲ್ಲಿ ಇದ್ದವರು ಮಾರ್ಲೋ, ಮೇಯರ್, ಇಪ್ಪತ್ತೆರಡು ಹೆಣ. ಆ ಲೆಕ್ಕದಲ್ಲಿ ಇಲ್ಲದವರ ಮುಖ ಕೀಮಾ ನೋಡಿದ್ದಳು. ಅಪ್ಪನ ಕಥೆ ಕೇಳಿದ ಮೇಲೆ ನನಗೆ ಅನ್ನಿಸಿದ್ದೂ ಇದೇ. ಒಳ್ಳೆಯ ಉದ್ದೇಶಕ್ಕೆ ಹೇಳಿದ ಸುಳ್ಳಿನಲ್ಲೂ ಒಬ್ಬ ಬೀಡಾ ಅಂಗಡಿಯವನು ಇರುತ್ತಾನೆ. ಸಹಿ ಹಾಕುವಾಗ ಅವನನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ.

ಕೀಮಾ ಹೇಳಿದ ನಿಜದಿಂದ ಏನಾಯಿತು? ನ್ಯಾಯವಂತೂ ಆಗಲಿಲ್ಲ. ಮೇಯರ್ ಅದನ್ನು ಮುಚ್ಚಿಹಾಕಿ ರಾಜ್ಯಪಾಲನಾದ. ಟೆಂಪಲ್‌ಟನ್‌ಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಅವನ ಸುಳ್ಳನ್ನು ಹಿಡಿದ ಸಂಪಾದಕ ಗಸ್ ಹೇನ್ಸ್‌ನನ್ನು ಸುದ್ದಿ ತಿದ್ದುವ ಮೇಜಿಗೆ ತಳ್ಳಿದರು. ಗಸ್ ಪಾತ್ರ ಮಾಡಿದ ಕ್ಲಾರ್ಕ್ ಜಾನ್ಸನ್ ಅವರೇ ಈ ಕಂತಿನ ನಿರ್ದೇಶಕರು, ಧಾರಾವಾಹಿಯ ಮೊಟ್ಟಮೊದಲ ಕಂತನ್ನು ನಿರ್ದೇಶಿಸಿದ್ದವರೂ ಅವರೇ. ಮೆಕ್‌ನಲ್ಟಿ, ಫ್ರೀಮನ್ ಜೈಲಿಗೆ ಹೋಗಲಿಲ್ಲ, ಆದರೆ ಪೊಲೀಸ್ ಕೆಲಸ ಅವರಿಗೆ ಮುಗಿಯಿತು. ಕೀಮಾ ಹೇಳದೇ ಇದ್ದಿದ್ದರೂ ಇದರಲ್ಲಿ ಬಹುಪಾಲು ಹೀಗೇ ನಡೆಯುತ್ತಿತ್ತೇನೋ. ನಿಜ ಹೇಳಿದರೆ ಒಳ್ಳೆಯದಾಗುತ್ತದೆ ಎಂಬ ಭರವಸೆಯನ್ನು ಈ ಕಂತು ಎಲ್ಲೂ ಕೊಡುವುದಿಲ್ಲ. ವಿದ್ಯಾರ್ಥಿಗಳಿಗೆ ಈ ಕಂತನ್ನು ತೋರಿಸಿದಾಗ ಒಬ್ಬ ಹುಡುಗ, “ಹಾಗಾದ್ರೆ ಅವಳು ಹೇಳಿದ್ದು ವೇಸ್ಟಾಯ್ತಲ್ವಾ ಮೇಡಂ?” ಎಂದು ಕೇಳಿದ. ನಾನು ಉತ್ತರವಾಗಿ ಅವನಿಗೆ ಬಾಲ್ಟಿಮೋರಿನ ನಿಜವಾದ ಕಥೆಯೊಂದನ್ನು ಹೇಳಿದೆ.

‘ದಿ ವೈರ್’ ಮುಗಿದು ಒಂಬತ್ತು ವರ್ಷಕ್ಕೆ, 2017ರ ಮಾರ್ಚ್ 1ರಂದು, ಬಾಲ್ಟಿಮೋರ್ ಪೊಲೀಸ್ ಇಲಾಖೆಯ ‘ಗನ್ ಟ್ರೇಸ್ ಟಾಸ್ಕ್ ಫೋರ್ಸ್’ ಎಂಬ ವಿಶೇಷ ತಂಡದ ಏಳು ಜನರನ್ನು ಕೇಂದ್ರ ತನಿಖಾ ಸಂಸ್ಥೆ ಬಂಧಿಸಿತು. ಬೀದಿಯಿಂದ ಬಂದೂಕುಗಳನ್ನು ಹೆಕ್ಕುತ್ತಾರೆಂದು ಹೆಸರು ಮಾಡಿದ್ದ ತಂಡ ಅದು. ಅವರು ಜನರನ್ನು ದೋಚುತ್ತಿದ್ದರು, ಮಾಡದ ಕೆಲಸಕ್ಕೆ ಓವರ್‌ಟೈಮ್ ಬರೆದುಕೊಳ್ಳುತ್ತಿದ್ದರು. ಬೇಕಾದಾಗ ಯಾರ ಪಕ್ಕದಲ್ಲಾದರೂ ಇಡಲು ಕಾರಿನಲ್ಲಿ ಆಟಿಕೆ ಬಂದೂಕು ಇಟ್ಟುಕೊಂಡಿರುತ್ತಿದ್ದರೆಂದು ವಿಚಾರಣೆಯಲ್ಲಿ ಹೇಳಿಕೆ ಬಂತು. ತಂಡದ ನಾಯಕ ಸಾರ್ಜೆಂಟ್ ವೇಯ್ನ್ ಜೆಂಕಿನ್ಸ್‌ಗೆ 2018ರಲ್ಲಿ 25 ವರ್ಷ ಶಿಕ್ಷೆಯಾಯಿತು. ಅವರ ಸಾಕ್ಷ್ಯದ ಮೇಲೆ ನಿಂತಿದ್ದ ನೂರಾರು ಶಿಕ್ಷೆಗಳು ರದ್ದಾದವು. ಡೇವಿಡ್ ಸೈಮನ್ ಇದೇ ಘಟನೆಯನ್ನು 2022ರಲ್ಲಿ ‘ವಿ ಓನ್ ದಿಸ್ ಸಿಟಿ’ ಎಂಬ ಆರು ಕಂತಿನ ಧಾರಾವಾಹಿ ಮಾಡಿದರು.

ಮೆಕ್‌ನಲ್ಟಿ ಕಳ್ಳನಲ್ಲ, ಜೆಂಕಿನ್ಸ್ ಕಳ್ಳ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪಾಗುತ್ತದೆ. ಆದರೆ ಅವರ ಸುತ್ತಲಿನ ಕೋಣೆಯನ್ನು ನೋಡಿ ಎಂದೆ ಆ ಹುಡುಗನಿಗೆ. ಓವರ್‌ಟೈಮ್ ಸುಳ್ಳೆಂದು ಗೊತ್ತಿದ್ದವರು, ಕಾಗದ ಸರಿಯಿಲ್ಲವೆಂದು ಗೊತ್ತಿದ್ದವರು, ಬಂದೂಕು ಸಿಗುತ್ತಿದೆಯಲ್ಲ, ಕೇಳುವುದೇಕೆ ಎಂದು ಸುಮ್ಮನಿದ್ದ ಮೇಲಿನವರು. ಕೆಲಸ ಆಗುವವರೆಗೆ ಹೇಗೆ ಆಯಿತೆಂದು ಕೇಳದಿರುವ ಅಭ್ಯಾಸ ಒಮ್ಮೆ ಬಿದ್ದರೆ, ಆ ಕೋಣೆಗೆ ಮುಂದೆ ಬರುವವನು ಮೆಕ್‌ನಲ್ಟಿಯೇ ಆಗಬೇಕೆಂದಿಲ್ಲ. ಕೀಮಾ ಹೇಳಿದ್ದು ವ್ಯರ್ಥವೋ ಅಲ್ಲವೋ, ಹೇಳುವವರು ಒಬ್ಬರಾದರೂ ಇರುವ ಕೋಣೆ ಬೇರೆ, ಯಾರೂ ಇಲ್ಲದ ಕೋಣೆ ಬೇರೆ. ಹುಡುಗ ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಅಪ್ಪನ ಪ್ರಶ್ನೆ ಇನ್ನೂ ಪ್ರಾಯೋಗಿಕವಾದದ್ದು. “ಆ ಹೆಣ್ಣುಮಗಳು ಹೇಳಿದ್ಲು, ಸರಿ. ನಾಳೆಯಿಂದ ಅವಳ ಜೊತೆ ಕೂತು ಊಟ ಯಾರು ಮಾಡ್ತಾರೆ?” ಮೂವತ್ತು ವರ್ಷ ಒಂದೇ ಇಲಾಖೆಯಲ್ಲಿ ಡಬ್ಬಿ ಬಿಚ್ಚಿ ಉಂಡವರ ಪ್ರಶ್ನೆ ಅದು. ಸತ್ಯ ಹೇಳಿದವನ ಬಗ್ಗೆ ನಾವು ಬರೆಯುವ ಲೇಖನಗಳಲ್ಲಿ ಆ ಮಧ್ಯಾಹ್ನದ ಊಟ ಬರುವುದೇ ಇಲ್ಲ.

ಕೊನೆಯ ಕಂತಿನಲ್ಲಿ ಬರುತ್ತದೆ. ಬಾಲ್ಟಿಮೋರ್ ಪೊಲೀಸರ ಬಾರಿನಲ್ಲಿ, ಸತ್ತ ಪೊಲೀಸನಿಗೆ ಮಾಡುವ ಶೋಕಕೂಟವನ್ನು ಇಲಾಖೆ ಬಿಡುತ್ತಿರುವ ಮೆಕ್‌ನಲ್ಟಿಗೆ ಬದುಕಿದ್ದಾಗಲೇ ಮಾಡುತ್ತಾರೆ. ಅವನು ಪೂಲ್ ಟೇಬಲ್ ಮೇಲೆ ಹೆಣದಂತೆ ಮಲಗಿರುತ್ತಾನೆ, ಸಾರ್ಜೆಂಟ್ ಲ್ಯಾಂಡ್ಸ್‌ಮನ್ ನಗೆಯೂ ದುಃಖವೂ ಬೆರೆತ ಶ್ರದ್ಧಾಂಜಲಿ ಹೇಳುತ್ತಾನೆ. ಅಲ್ಲಿಗೆ ಕೀಮಾ ಬರುತ್ತಾಳೆ. ಬಾರದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬಂದು, ಮೆಕ್‌ನಲ್ಟಿ ಮತ್ತು ಫ್ರೀಮನ್ ಎದುರಿಗೆ ನಿಂತು, ಹೇಳಿದವಳು ನಾನೇ ಎನ್ನುತ್ತಾಳೆ. ಹಾಗೆ ಮಾಡಬೇಕೆಂದು ನಿನಗೆ ಅನ್ನಿಸಿದ್ದರೆ ಮಾಡಲೇಬೇಕಿತ್ತು ಎಂಬರ್ಥದ ಮಾತನ್ನು ಮೆಕ್‌ನಲ್ಟಿ ಹೇಳುತ್ತಾನೆ. ಫ್ರೀಮನ್‌ಗೂ ಸಿಟ್ಟಿಲ್ಲ. ಮೂವರೂ ಒಳಗೆ ಹೋಗುತ್ತಾರೆ. ಅಪ್ಪ ಆ ದೃಶ್ಯವನ್ನು ಎರಡು ಸಲ ಹಾಕಿಸಿಕೊಂಡು ನೋಡಿದರು. “ಇದು ಟೀವೀಲಿ ಮಾತ್ರ” ಅಂದರು. ಆದರೆ ಅವರ ಮುಖ ಅರಳಿತ್ತು.

ಆ ಮೇಲಿನ ದೃಶ್ಯಗಳಲ್ಲಿ ಊರು ತನ್ನ ಪಾಡಿಗೆ ಮುಂದುವರಿಯುತ್ತದೆ. ಮೊದಲ ಕಂತಿನಲ್ಲಿ ಮೆಕ್‌ನಲ್ಟಿ ಯಾವ ನ್ಯಾಯಾಧೀಶನ ಕೋಣೆಯಲ್ಲಿ ಕೂತು ಇಲಾಖೆಯ ಬಗ್ಗೆ ದೂರಿದ್ದನೋ, ಅದೇ ಫೀಲನ್‌ನ ಎದುರು ಈಗ ಗಡಿಯಾರದ ಸಂಕೇತ ಬಿಡಿಸಿದ ಸಿಡ್ನರ್ ಕೂತಿದ್ದಾನೆ. ಮುಂದಿನ ಮೆಕ್‌ನಲ್ಟಿ ಅವನೇ ಇರಬಹುದು. ಅವನು ಏನು ಕಲಿತ, ಯಾವುದನ್ನು ಕಲಿತ ಎನ್ನುವುದು ನಮಗೆ ಬಿಟ್ಟದ್ದು.

ಇನ್ನೊಬ್ಬನ ವಿಷಯ ಉಳಿಯಿತು. ಸುಳ್ಳು ಕೊಲೆಗಾರನಿಗೆ ಒಬ್ಬ ಜೀವಂತ ಬಲಿ ಬೇಕಾದಾಗ ಮೆಕ್‌ನಲ್ಟಿ ಬೀದಿಯಲ್ಲಿದ್ದ ಲ್ಯಾರಿ ಎಂಬ ಬುದ್ಧಿ ಸ್ಥಿಮಿತವಿಲ್ಲದ ಮನುಷ್ಯನನ್ನು ಕಾರಿನಲ್ಲಿ ಕೂರಿಸಿಕೊಂಡು, ಅವನ ಫೋಟೋ ತೆಗೆದು ಪತ್ರಿಕೆಗೆ ಕಳಿಸಿ, ಅವನನ್ನು ಪಕ್ಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ಊರಿನ ನಿರಾಶ್ರಿತರ ಕೇಂದ್ರದಲ್ಲಿ ಬಿಟ್ಟುಬಂದಿದ್ದ. ಯಾರೂ ಲ್ಯಾರಿಯನ್ನು ಕೇಳಿರಲಿಲ್ಲ. ಮೇಯರನ ಕೋಣೆಯ ರಾಜಿಯಲ್ಲಿ ಅವನ ಹೆಸರಿಲ್ಲ, ಪುಲಿಟ್ಜರ್ ಬಂದ ವರದಿಗಳಲ್ಲಿ ಅವನ ನಿಜವಾದ ಕಥೆಯಿಲ್ಲ. ಕೆಲಸ ಕಳೆದುಕೊಂಡ ಮೇಲೆ ಮೆಕ್‌ನಲ್ಟಿ ರಿಚ್ಮಂಡ್‌ಗೆ ಹೋಗುತ್ತಾನೆ, ಹುಡುಕುತ್ತಾನೆ, ಲ್ಯಾರಿಯನ್ನು ಕರೆದುಕೊಂಡು ಹೊರಡುತ್ತಾನೆ. ಇದಕ್ಕೆ ಯಾವ ಆದೇಶವೂ ಇಲ್ಲ, ಇದರಿಂದ ಅವನಿಗೆ ಕೆಲಸ ವಾಪಸು ಬರುವುದೂ ಇಲ್ಲ. ಹೆದ್ದಾರಿಯ ಪಕ್ಕ ಕಾರು ನಿಲ್ಲಿಸಿ, ಇಳಿದು, ದೂರದಲ್ಲಿ ಕಾಣುವ ಬಾಲ್ಟಿಮೋರನ್ನು ಸ್ವಲ್ಪ ಹೊತ್ತು ನೋಡುತ್ತಾನೆ. ಲ್ಯಾರಿ ಕಾರಿನಲ್ಲೇ ಕೂತಿದ್ದಾನೆ. ಮನೆಗೆ ಹೋಗೋಣ ಎಂದು ಅವನಿಗೆ ಹೇಳಿ ಮೆಕ್‌ನಲ್ಟಿ ಕಾರು ಹತ್ತುತ್ತಾನೆ.